ಬಿ. ವಿ. ಕಕ್ಕಿಲ್ಲಾಯ: ಗೇಣಿದಾರರ ಪರವಾಗಿ ನಿಂತ ಶಾಸಕ

ಮಂಗಳೂರಿನಿಂದ ಬಂಟ್ವಾಳ, ಪುಂಜಾಲಕಟ್ಟೆಗಳನ್ನು ದಾಟಿ ಚಾರ್ಮಾಡಿ ಘಾಟಿಯತ್ತ ಸಾಗುವ ಹೆದ್ದಾರಿಯ ಬದಿಯಲ್ಲಿರುವ ಮಡಂತ್ಯಾರು, ಬೆಳ್ತಂಗಡಿ ತಾಲ್ಲೂಕಿಗೆ ಸೇರಿದ್ದರೂ ಬಂಟ್ವಾಳ ತಾಲ್ಲೂಕಿನ ಅಂಚಿಗೆ ಸಮೀಪದಲ್ಲಿದ್ದು, ತುಳು, ಕೊಂಕಣಿ, ಬ್ಯಾರಿ, ಕನ್ನಡ ಈ ನಾಲ್ಕೂ ಭಾಷೆಗಳು ಒಂದೇ ಪೇಟೆಯಲ್ಲಿ ಕೇಳಿಬರುವ ಊರಾಗಿದೆ. ಈ ಸೀಮೆಯಿಂದ ಕೊಲ್ಲಿ ರಾಷ್ಟ್ರಗಳಿಗೂ ಇನ್ನೂ ದೂರದ ದೇಶಗಳಿಗೂ ಹೋಗಿ ನೆಲೆಸಿದ ಕುಟುಂಬಗಳ ಮಕ್ಕಳು ರಜೆಯಲ್ಲಿ ಊರಿಗೆ ಬಂದಾಗ ಕಾಣುವ ಅಡಿಕೆ ತೋಟ, ಅದರ ಕೆಳಗಿನ ಗದ್ದೆ, ಗದ್ದೆಯ ಬದಿಯ ಮನೆ ಇವೆಲ್ಲ ಅಜ್ಜನ ಕಾಲದಿಂದಲೂ ತಮ್ಮವೇ ಆಗಿದ್ದವು ಎಂದು ಭಾವಿಸುವುದು ಸಹಜ. ಆದರೆ ದಕ್ಷಿಣ ಕನ್ನಡದ ಬಹಳಷ್ಟು ಮನೆಗಳಲ್ಲಿ ಆ ಭೂಮಿಯನ್ನು ತಲೆಮಾರುಗಳಿಂದ ಉತ್ತು ಬಿತ್ತಿದ್ದವರು ಅದರ ಒಡೆಯರಾದದ್ದು 1974ರ ನಂತರವೇ. ಅದಕ್ಕೆ ಕಾರಣವಾದದ್ದು ಕರ್ನಾಟಕದ ಶಾಸನಸಭೆ ಅಂಗೀಕರಿಸಿದ ಒಂದು ಕಾನೂನು. ಆ ಕಾನೂನಿಗಾಗಿ ಸದನದ ಒಳಗೂ ಹೊರಗೂ ದುಡಿದವರಲ್ಲಿ ಬಂಟ್ವಾಳ ತಾಲ್ಲೂಕಿನ ಜನರು ಎರಡು ಬಾರಿ ಆರಿಸಿ ಕಳುಹಿಸಿದ ಶಾಸಕ ಬಿ. ವಿ. ಕಕ್ಕಿಲ್ಲಾಯರು ಪ್ರಮುಖರು.

ಶಾಸಕ ಎಂದರೆ ರಾಜ್ಯದ ವಿಧಾನಸಭೆಗೆ ಒಂದು ಕ್ಷೇತ್ರದ ಮತದಾರರು ನೇರವಾಗಿ ಆರಿಸುವ ಪ್ರತಿನಿಧಿ. ಇಂದು ಕರ್ನಾಟಕದ ವಿಧಾನಸಭೆಗೆ ಹೀಗೆ 224 ಮಂದಿ ಆಯ್ಕೆಯಾಗುತ್ತಾರೆ. ಮಡಂತ್ಯಾರಿನವರು ಬೆಳ್ತಂಗಡಿ ಕ್ಷೇತ್ರದಲ್ಲಿಯೂ ನೆರೆಯವರು ಬಂಟ್ವಾಳ ಅಥವಾ ಮೂಡುಬಿದಿರೆ ಕ್ಷೇತ್ರದಲ್ಲಿಯೂ ಮತ ಹಾಕುತ್ತಾರೆ. ರಸ್ತೆ, ಸೇತುವೆ, ಶಾಲೆಯ ಕಟ್ಟಡಗಳಿಗೆ ಹಣ ತರುವವನೇ ಒಳ್ಳೆಯ ಶಾಸಕ ಎಂಬ ಎಣಿಕೆ ಊರಿನಲ್ಲಿ ಬಲವಾಗಿದ್ದರೂ, ಶಾಸಕನ ಮೊದಲ ಕೆಲಸ ಆ ಹೆಸರೇ ಹೇಳುವಂತೆ ಶಾಸನ ರಚಿಸುವುದು, ಅಂದರೆ ಕಾನೂನಿನ ಒಂದೊಂದು ಕಲಮನ್ನೂ ಓದಿ, ಚರ್ಚಿಸಿ, ತಿದ್ದಿಸಿ, ಒಪ್ಪುವುದು ಅಥವಾ ವಿರೋಧಿಸುವುದು. ಕಕ್ಕಿಲ್ಲಾಯರನ್ನು ಈ ಅಳತೆಯಿಂದಲೇ ನೋಡಬೇಕಾಗುತ್ತದೆ.

ಬೇವಿಂಜೆ ವಿಷ್ಣು ಕಕ್ಕಿಲ್ಲಾಯರು 1919ರ ಏಪ್ರಿಲ್ 11ರಂದು ಕಾಸರಗೋಡಿನ ಪ್ರದೇಶದಲ್ಲಿ ಜನಿಸಿದರು. ಆ ಕಾಲದಲ್ಲಿ ಕಾಸರಗೋಡು ಕೂಡ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕಾಗಿದ್ದು, ಇಡೀ ಜಿಲ್ಲೆ ಬ್ರಿಟಿಷರ ಮದರಾಸು ಪ್ರಾಂತ್ಯಕ್ಕೆ ಒಳಪಟ್ಟಿತ್ತು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಓದುತ್ತಿದ್ದಾಗ ವಿದ್ಯಾರ್ಥಿ ಚಳವಳಿಗೂ ಅದರ ಮೂಲಕ ಸ್ವಾತಂತ್ರ್ಯ ಹೋರಾಟಕ್ಕೂ ಬಂದ ಅವರು, ಮುಂದೆ ಕಮ್ಯುನಿಸ್ಟ್ ಪಕ್ಷವನ್ನು ಸೇರಿ, ದುಡಿಯುವವರ ಕೈಗೇ ದುಡಿಮೆಯ ಸಾಧನ ಸೇರಬೇಕೆಂಬ ಆ ಪಕ್ಷದ ವಿಚಾರಕ್ಕೆ ಕೊನೆಯವರೆಗೂ ಬದ್ಧರಾಗಿದ್ದರು. ಸ್ವತಂತ್ರ ಭಾರತದ ಮೊದಲ ರಾಜ್ಯಸಭೆಗೆ 1952ರಲ್ಲಿ ಮದರಾಸು ರಾಜ್ಯದಿಂದ ಆಯ್ಕೆಯಾಗಿ 1954ರವರೆಗೆ ಅವರು ಸದಸ್ಯರಾಗಿದ್ದರು. ರಾಜ್ಯಸಭೆ ಎಂಬುದು ದೆಹಲಿಯ ಸಂಸತ್ತಿನ ಮೇಲ್ಮನೆ, ಅದರ ಬಹುಪಾಲು ಸದಸ್ಯರನ್ನು ಆರಿಸುವವರು ಜನರಲ್ಲ, ಆಯಾ ರಾಜ್ಯದ ಶಾಸಕರು. ಕನ್ನಡ ಮಾತನಾಡುವ ಪ್ರದೇಶಗಳೆಲ್ಲ ಒಂದೇ ಆಡಳಿತದ ಕೆಳಗೆ ಬರಬೇಕೆಂಬ ಏಕೀಕರಣದ ಬೇಡಿಕೆ ಆ ವರ್ಷಗಳಲ್ಲಿ ತೀವ್ರವಾಗಿತ್ತು. ಆ ಬೇಡಿಕೆ 1956ರ ನವೆಂಬರ್ 1ರಂದು ಈಡೇರಿದಾಗ ಮಂಗಳೂರು, ಬಂಟ್ವಾಳ, ಬೆಳ್ತಂಗಡಿಗಳು ಕನ್ನಡ ರಾಜ್ಯಕ್ಕೆ ಸೇರಿದವು, ಕಾಸರಗೋಡು ಕೇರಳದ ಪಾಲಾಯಿತು. ಹೀಗೆ ಹುಟ್ಟೂರಿನ ನೆಲ ಒಂದು ರಾಜ್ಯದಲ್ಲಿ, ಸಾರ್ವಜನಿಕ ಬದುಕು ಇನ್ನೊಂದು ರಾಜ್ಯದಲ್ಲಿ ಎಂಬಂತಾದ ಅನೇಕರಲ್ಲಿ ಅವರೂ ಒಬ್ಬರು.

ಅವರ ಮುಖ್ಯ ಕಾಳಜಿಯಾಗಿದ್ದ ಭೂಮಿಯ ಪ್ರಶ್ನೆ ಅರ್ಥವಾಗಬೇಕಾದರೆ ತುಳುನಾಡಿನ ಗೇಣಿ ಪದ್ಧತಿಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಗೇಣಿ ಎಂದರೆ ಇನ್ನೊಬ್ಬರ ಭೂಮಿಯನ್ನು ಸಾಗುವಳಿ ಮಾಡುವುದಕ್ಕಾಗಿ ಪ್ರತಿ ವರ್ಷ ಒಡೆಯನಿಗೆ ಕೊಡಬೇಕಾದ ಪಾಲು. ಕೊಡುವವನು ಗೇಣಿದಾರ ಅಥವಾ ಒಕ್ಕಲು, ಪಡೆಯುವವನು ಧಣಿ. ಇದರಲ್ಲಿ ಮೂಲಗೇಣಿ ಮತ್ತು ಚಾಲಗೇಣಿ ಎಂಬ ಎರಡು ಮುಖ್ಯ ಬಗೆಗಳಿದ್ದವು. ಮೂಲಗೇಣಿದಾರನ ಹಕ್ಕು ಶಾಶ್ವತವಾಗಿದ್ದು, ಅವನ ಗೇಣಿಯನ್ನು ಏರಿಸುವಂತೆಯೂ ಇರಲಿಲ್ಲ, ಅವನನ್ನು ಸುಲಭವಾಗಿ ಬಿಡಿಸುವಂತೆಯೂ ಇರಲಿಲ್ಲ. ಚಾಲಗೇಣಿದಾರನಿಗಾದರೋ ಅಂಥ ಯಾವ ಭದ್ರತೆಯೂ ಇರಲಿಲ್ಲ. ವರ್ಷದಿಂದ ವರ್ಷಕ್ಕೆ ಧಣಿಯ ಇಚ್ಛೆಯ ಮೇಲೆ ನಿಂತ ಈ ಒಕ್ಕಲುತನದಲ್ಲಿ ಗೇಣಿ ಹೆಚ್ಚಾದರೂ ಕೊಡಬೇಕಿತ್ತು, ಬಿಟ್ಟು ಹೋಗೆಂದರೆ ಹೋಗಬೇಕಿತ್ತು. ಹೀಗೆ ಬಿಡಿಸುವುದಕ್ಕೆ ಒಕ್ಕಲೆಬ್ಬಿಸುವುದು ಎಂದು ಹೆಸರು, ಮತ್ತು ಆ ಭಯ ಹಿರಿಯರ ನೆನಪಿನಲ್ಲಿ ಇಂದಿಗೂ ಉಳಿದಿದೆ.

ಗೇಣಿಯನ್ನು ಬಹುತೇಕ ಅಕ್ಕಿಯ ರೂಪದಲ್ಲಿ, ಮುಡಿಗಳ ಲೆಕ್ಕದಲ್ಲಿ ಸಲ್ಲಿಸಲಾಗುತ್ತಿತ್ತು. ಒಣಗಿದ ಬೈಹುಲ್ಲನ್ನು ಹರಡಿ, ನಡುವೆ ಅಳೆದ ಅಕ್ಕಿಯನ್ನು ಸುರಿದು, ಹುಲ್ಲನ್ನು ಮೇಲಕ್ಕೆತ್ತಿ ಸುತ್ತಿ, ಹುಲ್ಲಿನಿಂದಲೇ ಹೊಸೆದ ಹಗ್ಗದಿಂದ ಬಿಗಿದು, ಮರದ ತುಂಡಿನಿಂದ ತಟ್ಟಿ ತಟ್ಟಿ ದುಂಡಗೆ ಮಾಡಿದ ಕಟ್ಟೇ ಮುಡಿ. ಒಂದು ಮುಡಿಯಲ್ಲಿ ಸಾಮಾನ್ಯವಾಗಿ 42 ಸೇರು ಅಕ್ಕಿ ಹಿಡಿಯುತ್ತಿತ್ತು. ಮಳೆಗಾಲದ ತೇವದಲ್ಲಿಯೂ ಅಕ್ಕಿ ಹಾಳಾಗದಂತೆ ಕಾಪಾಡುವ ಈ ಕಟ್ಟುವಿಕೆ ಮೆಚ್ಚತಕ್ಕ ಕೌಶಲವಾಗಿದ್ದು, ಅದನ್ನು ಬಲ್ಲವರು ಈಗ ವಿರಳ. ಆದರೆ ಮುಡಿಗಳನ್ನು ಕಟ್ಟಿದ ಒಕ್ಕಲಿನ ಮನೆಯಲ್ಲಿಯೇ ಧಣಿಯ ಪಾಲು ಸಲ್ಲಿಸಿದ ಮೇಲೆ ತುಳುವರ ಮಳೆಗಾಲದ ತಿಂಗಳಾದ ಆಟಿಯ ಜಡಿಮಳೆಯಲ್ಲಿ ಗಂಜಿಗೆ ಅಕ್ಕಿ ಸಾಲದೆ ಗೆಡ್ಡೆಗೆಣಸು, ಹಲಸಿನ ಬೀಜ, ಕೆಸುವಿನ ಎಲೆಗಳನ್ನು ಆಶ್ರಯಿಸಬೇಕಾಗುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಇಂದು ಪ್ರೀತಿಯಿಂದ ಆಚರಿಸುವ ಆಟಿ ತಿಂಗಳ ತಿನಿಸುಗಳ ಹಿಂದೆ ಈ ಹಸಿವೂ ಇದೆ.

ರಾಜ್ಯದ ಭೂಸುಧಾರಣಾ ಕಾಯ್ದೆ 1961ರಲ್ಲಿಯೇ ರೂಪುಗೊಂಡು 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂದಿತ್ತಾದರೂ, ಸ್ವಂತ ಸಾಗುವಳಿಗೆ ಬೇಕೆಂದು ಹೇಳಿ ಭೂಮಿಯನ್ನು ಹಿಂದಕ್ಕೆ ಪಡೆಯಲು ಒಡೆಯರಿಗೆ ಅದರಲ್ಲಿ ಅವಕಾಶವಿದ್ದುದರಿಂದ ಒಕ್ಕಲುಗಳಿಗೆ ನಿಜವಾದ ರಕ್ಷಣೆ ದೊರೆಯಲಿಲ್ಲ. 1972ರ ಚುನಾವಣೆಯಲ್ಲಿ ಕಕ್ಕಿಲ್ಲಾಯರು ಬಂಟ್ವಾಳ ತಾಲ್ಲೂಕಿನ ಮತದಾರರ ಪ್ರತಿನಿಧಿಯಾಗಿ ವಿಧಾನಸಭೆಯನ್ನು ಪ್ರವೇಶಿಸಿದಾಗ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದರು. ಅಂದಿನ 216 ಸ್ಥಾನಗಳ ಸದನದಲ್ಲಿ ಕಾಂಗ್ರೆಸ್ಸಿಗೆ 165 ಸ್ಥಾನಗಳಿದ್ದರೆ ಕಮ್ಯುನಿಸ್ಟ್ ಪಕ್ಷಕ್ಕಿದ್ದವು ಮೂರೇ. ಎಣಿಕೆಯಲ್ಲಿ ಇಷ್ಟು ಸಣ್ಣ ಗುಂಪು ಸರ್ಕಾರವನ್ನು ಉಳಿಸಲೂ ಉರುಳಿಸಲೂ ಆಗದು. ಆದರೆ 'ಉಳುವವನೇ ಹೊಲದೊಡೆಯ' ಎಂಬ ಬೇಡಿಕೆಯನ್ನು ರೈತಸಂಘಟನೆಗಳ ಮೂಲಕ ದಶಕಗಳ ಕಾಲ ಹಳ್ಳಿಹಳ್ಳಿಗೆ ಕೊಂಡೊಯ್ದಿದ್ದ ಚಳವಳಿಯ ಅನುಭವ ಕಕ್ಕಿಲ್ಲಾಯರ ಬೆನ್ನಿಗಿತ್ತು. ಚಾಲಗೇಣಿಯ ಒಳಹೊರಗನ್ನು ಬಲ್ಲ ಅಂಥವರ ಮಾತಿಗೆ ಸದನದಲ್ಲಿ ತೂಕವಿತ್ತು. ಭೂಸುಧಾರಣೆಯ ಹೊಣೆ ಹೊತ್ತಿದ್ದ ಸಚಿವ ಬಿ. ಸುಬ್ಬಯ್ಯ ಶೆಟ್ಟರೂ ಇದೇ ಜಿಲ್ಲೆಯ ಸುರತ್ಕಲ್ ಕ್ಷೇತ್ರದವರಾಗಿದ್ದುದರಿಂದ, ರಾಜ್ಯದ ಕಾನೂನೊಂದು ಕರಾವಳಿಯ ಒಕ್ಕಲುಗಳ ಸ್ಥಿತಿಯನ್ನು ಕಣ್ಣೆದುರಿಗೆ ಇಟ್ಟುಕೊಂಡು ಮುಂದುವರಿಯಲು ಸಾಧ್ಯವಾಯಿತೆನ್ನಬಹುದು.

ತಿದ್ದುಪಡಿಯಾದ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ, ಗೇಣಿಗೆ ಕೊಟ್ಟಿದ್ದ ಭೂಮಿಯೆಲ್ಲ ಅಂದಿನಿಂದ ಸರ್ಕಾರಕ್ಕೆ ಸೇರಿ, ಅದನ್ನು ಸಾಗುವಳಿ ಮಾಡುತ್ತಿದ್ದ ಗೇಣಿದಾರನು ಅರ್ಜಿ ಸಲ್ಲಿಸಿ ಅದರ ಅಧಿಭೋಗದಾರನಾಗಿ, ಅಂದರೆ ಹಕ್ಕುಳ್ಳ ಒಡೆಯನಾಗಿ ನೋಂದಾಯಿಸಿಕೊಳ್ಳಬಹುದಾಗಿತ್ತು. ಹಿಂದಿನ ಒಡೆಯನಿಗೆ ಪರಿಹಾರ ಸಿಗುತ್ತಿತ್ತು. ಹೊಸ ಒಡೆಯನು ನಿಗದಿಯಾದ ಮೊತ್ತವನ್ನು ಕಂತುಗಳಲ್ಲಿ ಕಟ್ಟಬಹುದಾಗಿತ್ತು. ಸೈನಿಕರು ಮತ್ತು ನಾವಿಕರು ಮನೆಯಿಂದ ದೂರವಿರುವುದು ಅನಿವಾರ್ಯವಾದ ಕಾರಣ ಅವರ ಭೂಮಿಗೆ ಪ್ರತ್ಯೇಕ ವಿನಾಯಿತಿ ಇತ್ತು. ಗೇಣಿದಾರನು ಸಲ್ಲಿಸಬೇಕಾಗಿದ್ದ ನಮೂನೆ 7 ಎಂಬ ಅರ್ಜಿಯನ್ನು ಜಿಲ್ಲೆಯ ಜನ ಇಂದಿಗೂ 'ಡಿಕ್ಲರೇಶನ್' ಎಂದೇ ಕರೆಯುತ್ತಾರೆ. ಅರ್ಜಿ ಸಲ್ಲಿಸುವ ಕೊನೆಯ ದಿನವನ್ನು ಮುಂದೂಡುತ್ತ ಹೋಗಿ ಅಂತಿಮವಾಗಿ 1979ರ ಜೂನ್ 30 ಎಂದು ಗೊತ್ತುಪಡಿಸಲಾಯಿತು.

ಅರ್ಜಿಗಳ ವಿಚಾರಣೆಗಾಗಿ ಭೂ ನ್ಯಾಯಮಂಡಳಿಗಳು ರಚನೆಯಾದವು. ಕಂದಾಯ ಇಲಾಖೆಯ ಸಹಾಯಕ ಕಮಿಷನರ್ ಅಧ್ಯಕ್ಷರಾಗಿಯೂ, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರಾಗಿಯೂ ಇರುತ್ತಿದ್ದ ಈ ಮಂಡಳಿಯಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿರಬೇಕೆಂಬ ನಿಯಮವಿತ್ತು. ಆರಂಭದ ವರ್ಷಗಳಲ್ಲಿ ವಕೀಲರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಹಣ ತೆತ್ತು ವಕೀಲರನ್ನು ಇಡಬಲ್ಲ ಧಣಿಯ ಎದುರು ಓದುಬರಹವಿಲ್ಲದ ಒಕ್ಕಲು ತನ್ನ ಭಾಷೆಯಲ್ಲಿ ತಾನೇ ಮಾತನಾಡಲಿ ಎಂಬುದು ಅದರ ಆಶಯವಾಗಿತ್ತು. ಈ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 1987ರಲ್ಲಿ ತೆಗೆದುಹಾಕಿತಾದರೂ ಕಾಯ್ದೆಯನ್ನು ಎತ್ತಿಹಿಡಿಯಿತು. ಗೇಣಿ ಸಲ್ಲಿಸಿದ್ದಕ್ಕೆ ಚೀಟಿಯನ್ನೇ ಪಡೆಯದಿದ್ದ ಒಕ್ಕಲುಗಳ ಪಾಲಿಗೆ, ಯಾವ ಗದ್ದೆಯನ್ನು ಯಾರು ಉಳುತ್ತಿದ್ದರೆಂದು ಬಲ್ಲ ನೆರೆಕರೆಯವರ ಸಾಕ್ಷ್ಯವೂ ಪಹಣಿಯಲ್ಲಿ, ಅಂದರೆ ಬೆಳೆ ಮತ್ತು ಸಾಗುವಳಿಯ ಸರ್ಕಾರಿ ದಾಖಲೆಯಲ್ಲಿ, ನಮೂದಾದ ಹೆಸರೂ ಆಧಾರವಾದವು. ಧಣಿಯ ಎದುರಿಗೆ ಕುಳಿತು ಮಾತನಾಡಿ ಅಭ್ಯಾಸವೇ ಇಲ್ಲದವರು ಅಧಿಕಾರಿಯ ಮುಂದೆ ನಿಂತು ಈ ಭೂಮಿ ತನ್ನದೆಂದು ಹೇಳಿದ್ದು, ಭೂಮಿ ದೊರೆತಷ್ಟೇ ದೊಡ್ಡ ಬದಲಾವಣೆ.

ಈ ಕಾಯ್ದೆಯಿಂದ ಎಲ್ಲರಿಗೂ ಒಳಿತಾಯಿತೆಂದು ಹೇಳಿದರೆ ಅದು ಸತ್ಯವಾಗುವುದಿಲ್ಲ. ಒಂದೆರಡು ಎಕರೆ ಗದ್ದೆಯನ್ನು ಗೇಣಿಗೆ ಕೊಟ್ಟು ಅದರ ಅಕ್ಕಿಯಿಂದಲೇ ಬದುಕುತ್ತಿದ್ದ ವಿಧವೆಯರು ಮತ್ತು ಬಡ ಒಡೆಯರು ದೊಡ್ಡ ಧಣಿಗಳ ಜೊತೆಗೇ ಭೂಮಿಯನ್ನು ಕಳೆದುಕೊಂಡರು. ಗೇಣಿಯ ಹಕ್ಕೂ ಇಲ್ಲದೆ ದಿನಗೂಲಿಗೆ ದುಡಿಯುತ್ತಿದ್ದ ಕೃಷಿ ಕಾರ್ಮಿಕರಿಗೆ, ಅವರಲ್ಲಿ ಹೆಚ್ಚಿನವರು ದಲಿತರು, ವಾಸದ ಮನೆಯ ಹಕ್ಕು ದೊರೆಯಿತೇ ಹೊರತು ಗದ್ದೆ ದೊರೆಯಲಿಲ್ಲ. ಈ ಕೊರತೆ ಇಂದಿಗೂ ತುಂಬಿಲ್ಲ. ಹಾಗಿದ್ದರೂ ಗೇಣಿಯ ಭಾರ ಇಳಿದ ಒಂದು ತಲೆಮಾರು ಮಕ್ಕಳನ್ನು ಶಾಲೆ ಕಾಲೇಜುಗಳಿಗೆ ಕಳುಹಿಸಿ, ಬೆಟ್ಟು ಗದ್ದೆಗಳಲ್ಲಿ, ಅಂದರೆ ಮಳೆನೀರನ್ನೇ ನಂಬಿದ ಎತ್ತರದ ಗದ್ದೆಗಳಲ್ಲಿ ಧೈರ್ಯವಾಗಿ ಅಡಿಕೆ, ತೆಂಗು ನೆಟ್ಟದ್ದಕ್ಕೆ ನೆಲ ತನ್ನದೆಂಬ ಭರವಸೆಯೇ ಮುಖ್ಯ ಕಾರಣ. ಬಹುಕಾಲ ಬಾಳುವ ತೋಟವನ್ನು ನಾಳೆ ಬಿಡಬೇಕಾದ ಜಾಗದಲ್ಲಿ ಯಾರೂ ನೆಡುವುದಿಲ್ಲ.

1978ರಲ್ಲಿ ಕಕ್ಕಿಲ್ಲಾಯರು ಬಂಟ್ವಾಳ ತಾಲ್ಲೂಕಿನ ವಿಟ್ಲ ಕ್ಷೇತ್ರದಿಂದ ಮತ್ತೆ ಆಯ್ಕೆಯಾದರು. ಆಗಲೂ ಅವರ ಪಕ್ಷಕ್ಕೆ ದೊರೆತದ್ದು ಮೂರೇ ಸ್ಥಾನ. ಶಾಸಕತ್ವ ಮುಗಿದ ಮೇಲೆ ಅವರು ಬರವಣಿಗೆಯಲ್ಲಿ ತೊಡಗಿ, ಭಾರತೀಯ ತತ್ತ್ವಚಿಂತನೆ, ಜಾತಿಯ ಚರಿತ್ರೆ, ಮಾರ್ಕ್ಸ್‌ವಾದಗಳ ಕುರಿತು ಕನ್ನಡದಲ್ಲಿ ಪುಸ್ತಕಗಳನ್ನು ರಚಿಸಿದರು. 'ಬರೆಯದ ದಿನಚರಿಯ ಮರೆಯದ ಪುಟಗಳು' ಎಂಬುದು ಅವರ ಆತ್ಮಕಥನ. ಅವರು 2012ರ ಜೂನ್ 4ರಂದು ಮಂಗಳೂರಿನಲ್ಲಿ ನಿಧನರಾದರು. ಅವರು ಎಂದೂ ಸಚಿವರಾಗಿರಲಿಲ್ಲ.

ಮುಂದಿನ ರಜೆಯಲ್ಲಿ ಊರಿಗೆ ಹೋಗುವ ಮಕ್ಕಳು ಅಜ್ಜ ಅಜ್ಜಿಯರಲ್ಲಿ ಡಿಕ್ಲರೇಶನಿನ ಕಾಲದ ಸಂಗತಿಗಳನ್ನು ಕೇಳಿ, ಮನೆಯ ಪೆಟ್ಟಿಗೆಯಲ್ಲಿ ಭೂ ನ್ಯಾಯಮಂಡಳಿಯ ಆದೇಶವಿದ್ದರೆ ಅದನ್ನು ಓದಿಸಿಕೊಂಡು, ಕೇಳಿದ್ದನ್ನು ಬರೆದಿಡಬೇಕು. ಗೇಣಿ ಕೊಟ್ಟ ಕೈಗಳೂ ಪಡೆದ ಕೈಗಳೂ ಇಂದು ಎಂಬತ್ತು ದಾಟುತ್ತಿರುವುದರಿಂದ ಈ ಕೆಲಸವನ್ನು ಮುಂದೂಡಬಾರದು.