ಕಚೇರಿಯಿಂದ ತರಗತಿಗೆ: ಮೌಲಾನಾ ಅಲ್ತಾಫ್ ಹುಸೇನ್ ಹಾಲಿ



ಉರ್ದು ಕಲಿತವರಿಗೆಲ್ಲ ಮೌಲಾನಾ ಹಾಲಿಯವರ ಹೆಸರು ಪರಿಚಿತ. 1879ರಲ್ಲಿ ಬೆಳಕು ಕಂಡ ‘ಮುಸದ್ದಸ್’ ಕಾವ್ಯದ ಕರ್ತೃ ಎಂದು ಅವರನ್ನು ತಾವು ಬಲ್ಲಿರಿ. ಆದರೆ ಆ ಕಾವ್ಯ ಪ್ರಕಟವಾದಾಗ ಅವರು ದೆಹಲಿಯ ಶಾಲೆಯೊಂದರಲ್ಲಿ ಅಧ್ಯಾಪಕರಾಗಿದ್ದರೆಂಬುದು ಅನೇಕರಿಗೆ ತಿಳಿಯದು. ಆ ವೃತ್ತಿಗೆ ಅವರು ಬಂದದ್ದು ಎಳೆಯ ವಯಸ್ಸಿನಲ್ಲಲ್ಲ. ಮೂವತ್ತೇಳರ ಸುಮಾರಿಗೆ, ಹೆಂಡತಿ ಮಕ್ಕಳ ಹೊಣೆ ಹೆಗಲ ಮೇಲಿರುವಾಗ.

ಹಾಲಿಯವರು ಹುಟ್ಟಿದ್ದು 1837ರಲ್ಲಿ, ಪಾಣಿಪತ್‌ನಲ್ಲಿ. ಒಂಬತ್ತನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡರು. ಅಣ್ಣ ಮತ್ತು ಅಕ್ಕಂದಿರ ಆಶ್ರಯದಲ್ಲಿ ಬೆಳೆದು ಕುರ್‌ಆನ್ ಕಂಠಪಾಠ ಮಾಡಿದರು. ಹದಿನೇಳಕ್ಕೆ ಮದುವೆಯಾಯಿತು. ಓದಿನ ಹಂಬಲ ತಡೆಯಲಾರದೆ ಯಾರಿಗೂ ಹೇಳದೆ ದೆಹಲಿಗೆ ಹೊರಟುಹೋದರು. ಅಲ್ಲಿ ಅರಬ್ಬಿ ವಿದ್ಯೆ ದೊರೆಯಿತು, ಗಾಲಿಬರ ಒಡನಾಟವೂ ಲಭಿಸಿತು. ಆದರೆ ಮನೆಯವರು ಕರೆಸಿಕೊಂಡರು. ಸಂಸಾರ ನಡೆಯಬೇಕಿತ್ತು. 1856ರಲ್ಲಿ ಹಿಸಾರ್‌ನ ಕಲೆಕ್ಟರ್ ಕಚೇರಿಯಲ್ಲಿ ಅಲ್ಪ ಸಂಬಳದ ಕೆಲಸಕ್ಕೆ ಸೇರಿದರು. ಮರುವರ್ಷದ ಬಂಡಾಯದಲ್ಲಿ ಅದೂ ಕೈತಪ್ಪಿ ಪಾಣಿಪತ್‌ಗೆ ಮರಳಬೇಕಾಯಿತು.

ಮುಂದೆ ನವಾಬ್ ಮುಸ್ತಫಾ ಖಾನ್ ಶೇಫ್ತಾರವರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಕಲಿಸುವುದರ ರುಚಿ ಹತ್ತಿದ್ದು ಇಲ್ಲಿಯೇ ಇರಬೇಕು. 1869ರಲ್ಲಿ ಶೇಫ್ತಾರವರೂ ಗಾಲಿಬರೂ ತೀರಿಕೊಂಡರು. ಆಸರೆ ಕಳಚಿತು. ಮತ್ತೆ ನೌಕರಿ ಹುಡುಕುತ್ತಾ ಲಾಹೋರಿಗೆ ನಡೆದರು.

ಲಾಹೋರಿನ ಸರ್ಕಾರಿ ಪುಸ್ತಕ ಡಿಪೋದಲ್ಲಿ, ಇಂಗ್ಲಿಷಿನಿಂದ ಉರ್ದುವಿಗೆ ಅನುವಾದವಾದ ಪುಸ್ತಕಗಳ ಭಾಷೆ ತಿದ್ದುವುದು ಅವರ ಕೆಲಸ. ಸುಮಾರು ನಾಲ್ಕು ವರ್ಷ ಅಲ್ಲಿದ್ದರು. ಇಂಗ್ಲಿಷ್ ಬಾರದಿದ್ದರೂ ಆ ಸಾಹಿತ್ಯದ ವಿಚಾರಗಳ ಪರಿಚಯ ಈ ಕೆಲಸದಿಂದಲೇ ಆಯಿತು. 1874ರಲ್ಲಿ ಅಂಜುಮನ್-ಎ-ಪಂಜಾಬ್ ನಡೆಸಿದ ಹೊಸ ಬಗೆಯ ಮುಶಾಯಿರಾಗಳಲ್ಲಿ ಮಳೆಗಾಲದ ಬಗ್ಗೆ, ದೇಶಪ್ರೇಮದ ಬಗ್ಗೆ ಕವಿತೆ ಓದಿದರು. ಆದರೂ ಲಾಹೋರಿನಲ್ಲಿ ಅವರ ಮನಸ್ಸು ನೆಲೆಗೊಳ್ಳಲಿಲ್ಲ. ದೆಹಲಿಯ ಆಂಗ್ಲೋ-ಅರೇಬಿಕ್ ಶಾಲೆಯಲ್ಲಿ ಅಧ್ಯಾಪಕ ಹುದ್ದೆ ದೊರೆತಾಗ ಸರ್ಕಾರಿ ಕಚೇರಿ ಬಿಟ್ಟು ತರಗತಿಗೆ ಬಂದರು.

ಓದುಗರೇ, ಇಲ್ಲಿ ತುಸು ನಿಂತು ಯೋಚಿಸಿರಿ. ಹಾಲಿಯವರು ಕಚೇರಿಯ ವರ್ಷಗಳನ್ನು ವ್ಯರ್ಥವೆಂದು ಎಸೆಯಲಿಲ್ಲ; ಅಲ್ಲಿ ಕಲಿತದ್ದನ್ನೇ ಬಂಡವಾಳ ಮಾಡಿಕೊಂಡರು. ಪಾಠ ಹೇಳುವುದು ತಮಗೆ ಒಗ್ಗುತ್ತದೆಂಬುದನ್ನು ಶೇಫ್ತಾರವರ ಮನೆಯಲ್ಲಿ ಮೊದಲೇ ಕಂಡುಕೊಂಡಿದ್ದರು. ಶಿಕ್ಷಕ ವೃತ್ತಿ ಅವರನ್ನು ಶ್ರೀಮಂತರನ್ನಾಗಿ ಮಾಡಲಿಲ್ಲ. ಆದರೆ ‘ಮುಸದ್ದಸ್’ ಮೂಡಿದ್ದು, ಕವಿ ಸಾದಿಯ ಜೀವನಚರಿತ್ರೆ ಸಿದ್ಧವಾದದ್ದು ಆ ಸುಮಾರು ಹನ್ನೆರಡು ವರ್ಷಗಳಲ್ಲಿಯೇ. ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಬರೆದ ‘ಮಜಾಲಿಸುನ್ನಿಸಾ’ ಕೃತಿಗೆ ಸರ್ಕಾರದಿಂದ 400 ರೂಪಾಯಿ ಬಹುಮಾನ ಬಂದಿತು. ಅದು ಬಹುಕಾಲ ಶಾಲೆಗಳಲ್ಲಿ ಪಠ್ಯವಾಗಿತ್ತು. 1887ರಲ್ಲಿ ಹೈದರಾಬಾದ್ ಸಂಸ್ಥಾನ ತಿಂಗಳಿಗೆ 75 ರೂಪಾಯಿಗಳ ವೇತನ ಗೊತ್ತುಪಡಿಸಿತು. ಅದರ ಬಲದಿಂದ ನೌಕರಿಗೆ ವಿದಾಯ ಹೇಳಿ ಬರವಣಿಗೆಗೆ ಪೂರ್ಣವಾಗಿ ತೊಡಗಿದರು. ಗಾಲಿಬರ ಮತ್ತು ಸರ್ ಸಯ್ಯದರ ಜೀವನಚರಿತ್ರೆಗಳು ಬಂದದ್ದು ಆ ಬಳಿಕ. ಮಗ ಖ್ವಾಜಾ ಸಜ್ಜಾದ್ ಹುಸೇನ್ ಅಲಿಗಢದಲ್ಲಿ ಓದಿ ಶಿಕ್ಷಣ ಇಲಾಖೆಯನ್ನೇ ಸೇರಿದರು. 1904ರಲ್ಲಿ ಶಮ್ಸುಲ್ ಉಲಮಾ ಬಿರುದು ಪಡೆದ ಹಾಲಿಯವರು 1914ರ ಡಿಸೆಂಬರ್ 31ರಂದು ಪಾಣಿಪತ್‌ನಲ್ಲಿ ಕೊನೆಯುಸಿರೆಳೆದರು.

ಅಂಗಡಿಯಲ್ಲೋ ಕಂಪನಿಯಲ್ಲೋ ದುಡಿಯುತ್ತಾ, ತಾನೂ ಮೇಷ್ಟ್ರಾಗಬೇಕಿತ್ತು ಎಂದುಕೊಳ್ಳುವವರು ತಮ್ಮಲ್ಲಿಯೂ ಇರಬಹುದು. ಅಂಥವರಿಗೆ ಎರಡು ಮಾತು. 2015ರಿಂದ ಬಿ.ಎಡ್. ಎರಡು ವರ್ಷದ ಕೋರ್ಸಾಯಿತು. ಅಷ್ಟು ದಿನ ಮನೆ ಬಾಡಿಗೆ, ಮಕ್ಕಳ ಫೀಸು, ತಂದೆತಾಯಿಯ ಔಷಧಿ ಎಲ್ಲಿಂದ ಎಂಬ ಲೆಕ್ಕವನ್ನು ಮನೆಯವರೊಂದಿಗೆ ಕುಳಿತು ಹಾಕಿರಿ. ಅದಕ್ಕೂ ಮೊದಲು ಮೊಹಲ್ಲಾದ ನಾಲ್ಕು ಮಕ್ಕಳಿಗೆ ಸಂಜೆ ಪಾಠ ಹೇಳಿ ನೋಡಿರಿ. ವರ್ಷ ಕಳೆದರೂ ಬೇಸರ ಬಾರದಿದ್ದರೆ, ವಯಸ್ಸು ಮೀರಿತೆಂದು ಹಿಂಜರಿಯಬೇಡಿರಿ. ಲೆಕ್ಕ ಕೂಡಿಬಾರದಿದ್ದರೆ ನೌಕರಿ ಬಿಡದೆ ಸಂಜೆಯ ಪಾಠವನ್ನೇ ಮುಂದುವರಿಸಿರಿ. ಆ ನಾಲ್ಕು ಮಕ್ಕಳ ಪಾಲಿಗೆ ತಾವು ಆಗಲೂ ಉಸ್ತಾದರೇ.