ಪುಟ್ಟ ಪುಸ್ತಕದ ದುಡ್ಡಲ್ಲಿ ಬೆಟ್ಟ ಉಳಿಸಿದ ಬಿಯಾಟ್ರಿಕ್ಸ್ ಪಾಟರ್

ನೀಲಿ ಕೋಟು ತೊಟ್ಟು ಪಕ್ಕದವರ ತೋಟಕ್ಕೆ ನುಗ್ಗಿ ಮೂಲಂಗಿ ತಿನ್ನೋ ತುಂಟ ಮೊಲ ಪೀಟರ್. ಅವನ ಕಥೆ ಬರೆದು, ಚಿತ್ರವನ್ನೂ ತಾವೇ ಬಿಡಿಸಿದವರು ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್. ಹುಟ್ಟಿದ್ದು 1866ರ ಜುಲೈ 28ರಂದು, ಲಂಡನ್‌ನಲ್ಲಿ.

ಸಿರಿವಂತರ ಮನೆ. ಶಾಲೆಗೆ ಕಳಿಸಲಿಲ್ಲ, ಮನೆಯಲ್ಲೇ ಪಾಠ. ಜೊತೆಗೆ ಇದ್ದದ್ದು ತಮ್ಮ ಮತ್ತು ಸಾಕಿದ ಮೊಲ, ಇಲಿ, ಕಪ್ಪೆಗಳು. ಅವನ್ನೇ ನೋಡಿ ನೋಡಿ ಚಿತ್ರ ಬರೆಯೋದು ಕಲಿತರು. 1893ರಲ್ಲಿ, ಹಿಂದೆ ಪಾಠ ಹೇಳಿದ್ದ ಶಿಕ್ಷಕಿಯ ಐದು ವರ್ಷದ ಮಗ ನೋಯೆಲ್ ಕಾಯಿಲೆ ಬಿದ್ದ. ಅವನನ್ನು ನಗಿಸೋಕೆ ಬರೆದ ಕಾಗದದಲ್ಲೇ ಪೀಟರ್ ಹುಟ್ಟಿದ.

ಆ ಕಥೆಯನ್ನು ಪ್ರಕಾಶಕರು ಒಬ್ಬರಾದ ಮೇಲೆ ಒಬ್ಬರು ವಾಪಸ್ ಕಳಿಸಿದರು. ಪುಸ್ತಕ ಮಕ್ಕಳ ಕೈಗೆ ಹಿಡಿಯುವಷ್ಟು ಚಿಕ್ಕದಿರಬೇಕು, ಬೆಲೆಯೂ ಕಮ್ಮಿ ಇರಬೇಕು ಅನ್ನೋದು ಪಾಟರ್ ಹಟ. ಕೊನೆಗೆ 1901ರಲ್ಲಿ ಸ್ವಂತ ದುಡ್ಡು ಹಾಕಿ 250 ಪ್ರತಿ ಅಚ್ಚು ಹಾಕಿಸಿದರು. ಮರುವರ್ಷ ಫ್ರೆಡರಿಕ್ ವಾರ್ನ್ ಸಂಸ್ಥೆ ಬಣ್ಣದ ಚಿತ್ರಗಳೊಂದಿಗೆ, ಒಂದು ಶಿಲ್ಲಿಂಗ್‌ಗೆ ಹೊರತಂದಿತು. ಪುಸ್ತಕ ಬಿಸಿಬಿಸಿಯಾಗಿ ಮಾರಾಟವಾಯ್ತು.

1905ರಲ್ಲಿ ಅದೇ ಸಂಸ್ಥೆಯ ನಾರ್ಮನ್ ವಾರ್ನ್ ಜೊತೆ ಮದುವೆಗೆ ಒಪ್ಪಿಕೊಂಡರು. ವ್ಯಾಪಾರಸ್ಥರ ಹುಡುಗ ಬೇಡ ಅಂತ ಹೆತ್ತವರ ವಿರೋಧ. ಆ ಮನೆಯ ಐಶ್ವರ್ಯ ಬಂದಿದ್ದೂ ಹತ್ತಿ ಬಟ್ಟೆಯ ವ್ಯಾಪಾರದಿಂದಲೇ! ಪಾಟರ್ ಜಗ್ಗಲಿಲ್ಲ. ಆದರೆ ತಿಂಗಳೊಪ್ಪತ್ತಿನಲ್ಲೇ ನಾರ್ಮನ್ ತೀರಿಕೊಂಡರು.

ಆ ದುಃಖದಲ್ಲೇ, ಪುಸ್ತಕದ ಗಳಿಕೆಯೂ ಸೇರಿ ಕೈಲಿದ್ದ ಹಣದಿಂದ, ಲೇಕ್ ಡಿಸ್ಟ್ರಿಕ್ಟ್ ಎಂಬ ಬೆಟ್ಟ-ಕೆರೆಗಳ ಸೀಮೆಯ ಸಾವ್ರೇ ಹಳ್ಳಿಯಲ್ಲಿ ಹಿಲ್ ಟಾಪ್ ತೋಟ ಕೊಂಡರು. ಆ ಹಳ್ಳಿಯ ಅಂಗಡಿಯೂ ಕಥೆಯಾಯ್ತು. 1909ರ 'ಜಿಂಜರ್ ಅಂಡ್ ಪಿಕಲ್ಸ್'ನಲ್ಲಿ ಒಂದು ಬೆಕ್ಕು, ಒಂದು ನಾಯಿ ಸೇರಿ ಅಂಗಡಿ ಇಡುತ್ತವೆ. ಕೇಳಿದವರಿಗೆಲ್ಲ ಉದ್ರಿ. ಗಿರಾಕಿಗಳೋ ಗಿರಾಕಿಗಳು, ಗಲ್ಲಾಪೆಟ್ಟಿಗೆ ಮಾತ್ರ ಖಾಲಿ! ಕೊನೆಗೆ ಬಾಗಿಲು ಹಾಕಬೇಕಾಯ್ತು. ಉದ್ರಿ ಕೊಡದ ಎದುರಾಳಿ ಅಂಗಡಿ ರೇಟು ಏರಿಸಿತು. ಯಾವ ಊರಿನ ಅಂಗಡಿಕಾರರಿಗಾದರೂ ಇದು ಗೊತ್ತಿರೋ ಕಥೆಯೇ.

1913ರಲ್ಲಿ, 47ನೇ ವಯಸ್ಸಿಗೆ, ಅಲ್ಲಿನ ವಕೀಲ ವಿಲಿಯಂ ಹೀಲಿಸ್ ಅವರನ್ನು ಮದುವೆಯಾದರು. ಆಮೇಲೆ ಬರವಣಿಗೆ ಕಮ್ಮಿಯಾಗಿ, ಕುರಿ ಸಾಕಣೆ ಜಾಸ್ತಿಯಾಯ್ತು. ಅಲ್ಲಿನ ಹರ್ಡ್‌ವಿಕ್ ತಳಿ ಉಳಿಸೋಕೆ ದುಡಿದರು. ಜಮೀನು ತುಂಡು ತುಂಡಾಗಿ ಮಾರಾಟವಾಗಿ ಕಟ್ಟಡ ಏಳಬಾರದು ಅಂತ ಒಂದೊಂದೇ ತೋಟ ಕೊಳ್ಳುತ್ತಾ ಹೋದರು.

1943ರ ಡಿಸೆಂಬರ್ 22ರಂದು ತೀರಿಕೊಂಡಾಗ 4,000 ಎಕರೆಗೂ ಹೆಚ್ಚು ಭೂಮಿಯನ್ನು ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಹೋಗಿದ್ದರು. ಇವತ್ತಿಗೂ ಆ ಬೆಟ್ಟಗಳಲ್ಲಿ ಹರ್ಡ್‌ವಿಕ್ ಕುರಿಗಳು ಮೇಯುತ್ತಿವೆ. ಹಿಲ್ ಟಾಪ್ ಮನೆ ನೋಡಲು ಹೋಗುವ ಮಕ್ಕಳು, ಪುಸ್ತಕದ ಚಿತ್ರಗಳಲ್ಲಿ ಕಂಡ ಜಾಗಗಳನ್ನು ಅಲ್ಲಿ ಗುರುತು ಹಿಡೀತಾರೆ.