ಗುರು ವೆಂಕಣ್ಣಯ್ಯ

ಬರೆದ ಗ್ರಂಥಗಳ ಸಂಖ್ಯೆಯಿಂದಲೇ ವಿದ್ವಾಂಸರ ಹಿರಿಮೆಯನ್ನು ಅಳೆಯುವುದಾದರೆ ಟಿ. ಎಸ್. ವೆಂಕಣ್ಣಯ್ಯನವರ ಸ್ಥಾನ ಚಿಕ್ಕದಾಗಿಯೇ ಕಂಡೀತು. ಗೆಳೆಯರಾದ ಎ. ಆರ್. ಕೃಷ್ಣಶಾಸ್ತ್ರಿಗಳೊಡನೆ ರಚಿಸಿದ ಶ್ರೀರಾಮಕೃಷ್ಣ ಪರಮಹಂಸರ ಚರಿತ್ರೆ, ಹರಿಹರನ ಬಸವರಾಜದೇವರ ರಗಳೆಯ ಸಂಪಾದನೆ, ಇಂತಹ ಕೆಲವು ಕೃತಿಗಳು ಮಾತ್ರ ಅವರ ಹೆಸರಿನಲ್ಲಿವೆ. ಆದರೂ ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಅವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅವರು ತಮ್ಮ ಶಕ್ತಿಯನ್ನು ಪುಸ್ತಕಗಳಿಗಿಂತ ಹೆಚ್ಚಾಗಿ ಶಿಷ್ಯರಲ್ಲಿ ತೊಡಗಿಸಿದರು.

ವೆಂಕಣ್ಣಯ್ಯನವರು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ತಳುಕು ಗ್ರಾಮದಲ್ಲಿ 1885ರಲ್ಲಿ ಜನಿಸಿದರು. ಮನೆಯ ಮಾತು ತೆಲುಗು. ಬಾಳನ್ನು ಮುಡಿಪಾಗಿಟ್ಟುದು ಕನ್ನಡಕ್ಕೆ. ಎತ್ತರದ ನಿಲುವು, ಗಂಭೀರ ನಡೆ, ಮೃದುವಾದ ಮನಸ್ಸು ಅವರದು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ಪ್ರಾಧ್ಯಾಪಕರಾದರು.

1916ರಲ್ಲಿ ಸ್ಥಾಪನೆಯಾದ ಆ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ. ಎ. ತರಗತಿ ಆರಂಭವಾದುದು 1927ರಲ್ಲಿ. ಇಂಗ್ಲಿಷಿಗೆ ಮನ್ನಣೆಯಿದ್ದ ಆ ಕಾಲದಲ್ಲಿ ಬುದ್ಧಿವಂತನಾದ ತರುಣನೊಬ್ಬ ಕನ್ನಡವನ್ನು ಆರಿಸಿಕೊಳ್ಳುವುದೆಂದರೆ ಸಾಹಸವೇ ಸರಿ. ಅದೇ ವರ್ಷ ಬಿ. ಎ. ಮುಗಿಸಿದ್ದ ಕೆ. ವಿ. ಪುಟ್ಟಪ್ಪನೆಂಬ ವಿದ್ಯಾರ್ಥಿಯ ಒಲವು ತತ್ತ್ವಶಾಸ್ತ್ರದ ಕಡೆಗಿತ್ತು. ಆತ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯವನು. ಈಗ ಲಿಂಗನಮಕ್ಕಿಯ ಅಣೆಕಟ್ಟಿನಲ್ಲಿ ತಡೆದು ನಿಂತಿರುವ ಶರಾವತಿ ಹುಟ್ಟುವುದೂ ಅದೇ ತಾಲ್ಲೂಕಿನ ಅಂಬುತೀರ್ಥದಲ್ಲಿ. ಮಲೆನಾಡಿನ ಈ ತರುಣ ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದನು. ಐರಿಷ್ ಕವಿ ಜೇಮ್ಸ್ ಕಸಿನ್ಸರ ಹಿತವಚನದಿಂದ ತಾಯ್ನುಡಿಗೆ ತಿರುಗಿದ್ದನು. ಆದರೆ ಕವಿತೆ ಬರೆಯುವುದು ಬೇರೆ, ಬದುಕಿನ ದಾರಿಯಾಗಿ ಕನ್ನಡವನ್ನು ಹಿಡಿಯುವುದು ಬೇರೆ. ವೆಂಕಣ್ಣಯ್ಯನವರು ಅವನನ್ನು ಕನ್ನಡ ಎಂ. ಎ. ತರಗತಿಗೆ ಒಲಿಸಿದರು. ಇಂತಹ ಸಲಹೆ ಸುಲಭದ್ದಲ್ಲ. ಅದು ತಪ್ಪಾದರೆ ನಷ್ಟ ಶಿಷ್ಯನದು. ಸಲಹೆಯ ಹೊಣೆ ಮಾತ್ರ ಗುರುವಿನದು.

ಆ ಹೊಣೆಯನ್ನು ಅವರು ಪಾಠದಲ್ಲಿ ಹೊತ್ತರು. ಹಳಗನ್ನಡದ ಕಾವ್ಯಗಳನ್ನು ಪರೀಕ್ಷೆಯ ವಸ್ತುವಾಗಿಸದೆ ಶಿಷ್ಯರ ಅನುಭವಕ್ಕೆ ತಂದರು. ಅವರ ಬಳಿ ಕಲಿತ ಡಿ. ಎಲ್. ನರಸಿಂಹಾಚಾರ್ಯರು ಗ್ರಂಥಸಂಪಾದನೆಯಲ್ಲಿ ಅಗ್ರಗಣ್ಯರಾದರು. ಇಬ್ಬರು ಶಿಷ್ಯರ ದಾರಿ ಎರಡು ಬಗೆಯವು. ಒಬ್ಬರನ್ನು ಇನ್ನೊಬ್ಬರ ಅಚ್ಚಿಗೆ ಒತ್ತುವ ಆತುರ ಗುರುವಿಗಿರಲಿಲ್ಲ.

ಪುಟ್ಟಪ್ಪನವರು 1929ರಲ್ಲಿ ಮಹಾರಾಜಾ ಕಾಲೇಜಿನಲ್ಲೇ ಅಧ್ಯಾಪಕರಾದರು; ನಾಡಿಗೆ ಕುವೆಂಪು ಆದರು. 1956ರಲ್ಲಿ ಅದೇ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಉನ್ನತ ಶಿಕ್ಷಣದಲ್ಲಿ ಕನ್ನಡ ಮಾಧ್ಯಮಕ್ಕಾಗಿ ದುಡಿದರು.

ಕುವೆಂಪು ಶ್ರೀ ರಾಮಾಯಣ ದರ್ಶನಂ ಮಹಾಕಾವ್ಯವನ್ನು 1936ರಲ್ಲಿ ಆರಂಭಿಸಿದಾಗ ಗುರುಗಳು ಇದ್ದರು. ಕಾವ್ಯ ಮುಗಿದುದು 1946ರಲ್ಲಿ. ಅಷ್ಟರಲ್ಲಿ, 1939ರಲ್ಲೇ, ವೆಂಕಣ್ಣಯ್ಯನವರು ತೀರಿಕೊಂಡಿದ್ದರು. ಶಿಷ್ಯನು ಕಾವ್ಯವನ್ನು ಅವರಿಗೇ ಅರ್ಪಿಸಿದನು.